ಅತ್ತೆ ಎಸೆಯದ ಕವಡೆ

ನಿನ್ನೆ ಸಂಜೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮಗ ತನ್ನ ಗೆಳೆಯರಿಗೆ ಕಥೆಯಾಟ ಆಡಿಸುತ್ತಿದ್ದ. ಅವನು ಕಥೆ ಹೇಳುತ್ತಾನೆ. ಕಥೆಯೊಳಗೆ ತಾವೇನು ಮಾಡುತ್ತೇವೆಂದು ಅವರು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ದಾಳ ಮೇಜಿನ ಮೇಲೆ ಉರುಳಿದ್ದೇ ತಡ, ನನ್ನ ಮೂಗಿಗೆ ಸೀಮೆಎಣ್ಣೆ ದೀಪದ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ಕುರುಬರಹಳ್ಳಿಯ ಬಾಡಿಗೆ ಮನೆಯಲ್ಲಿ. ಅಪ್ಪನ ಅಕ್ಕ, ಕೆಂಗೇರಿಯ ಅತ್ತೆ ಬಂದಾಗ ಕರೆಂಟ್ ಹೋದರೆ ನಮಗೂ ಇದೇ ಆಟ. ಹಣೆ ತುಂಬ ವಿಭೂತಿ, ಬಾಯಲ್ಲಿ ಲವಂಗ, ಸೆರಗಿನ ಗಂಟಿನಲ್ಲಿ ದಾಳದ ಬದಲಿಗೆ ಕವಡೆ. ಪಾಳುಮನೆಯೊಂದರ ಕಥೆ ಹೇಳಿ, "ಈಗೇನ್ ಮಾಡ್ತೀಯೇ?" ಅನ್ನುತ್ತಿದ್ದರು. ಅನುಮಾನವಿದ್ದರೆ ಮಾತ್ರ ಕವಡೆ ಎಸೆಯುವುದು ಅವರ ಕಟ್ಟಳೆ. "ಆಗೇ ಆಗೋದಕ್ಕೂ, ಆಗದೇ ಇರೋದಕ್ಕೂ ಕವಡೆ ಯಾಕೆ?"

ಒಂದು ಸಂಜೆ ಕಥೆಯೊಳಗೆ ನಾನು ಆ ಪಾಳುಮನೆಯ ಬಾವಿಗೆ ಇಳಿದೆ. "ತಳದಲ್ಲಿ ಯಾರೋ ಉಸಿರಾಡ್ತಾ ಇದಾರೆ" ಎಂದರು ಅತ್ತೆ.

"ನಾನು ಹತ್ಕೊಂಡು ಮೇಲೆ ಬರ್ತೀನಿ!"

ಅತ್ತೆ ಕವಡೆ ಎಸೆಯಲಿಲ್ಲ. ಮೆಲ್ಲಗೆ ಸೆರಗಿಗೆ ಕಟ್ಟಿಕೊಂಡರು. ಅವರು ಬಾಯಿ ತೆರೆಯುವಷ್ಟರಲ್ಲಿ ಕರೆಂಟ್ ಬಂತು, ಆಟ ನಿಂತಿತು. ಮರುದಿನ ಬೆಳಿಗ್ಗೆ ಕೆಂಗೇರಿಗೆ ಹೋದವರು ಮತ್ತೆ ಬರಲಿಲ್ಲ, ತೀರಿಕೊಂಡ ಸುದ್ದಿ ಬಂತು. ಈಗಲೂ ಕರೆಂಟ್ ಹೋದರೆ ನನ್ನ ಪಾದಕ್ಕೆ ಆ ಬಾವಿಯ ತಣ್ಣೀರು ತಾಗುತ್ತದೆ.

ಗೆಳೆಯರು ಹೋದ ಮೇಲೆ ಮಗನನ್ನು ಕೇಳಿದೆ. "ದಾಳ ಹಾಕ್ದೇ ಇದ್ರೆ, ಆಯ್ತು ಅಂತಾನೋ ಆಗಲ್ಲ ಅಂತಾನೋ, ಹೇಗೋ ಗೊತ್ತಾಗೋದು?"

"ಆಡಿಸೋರ ಮುಖ ನೋಡಿದ್ರೆ ಗೊತ್ತಾಗುತ್ತಮ್ಮ."

ಅಂದು ಕರೆಂಟ್ ಬಂದು ಬೆಳಕಾದಾಗ ನಾನು ತಿರುಗಿದ್ದು ಟಿವಿಯ ಕಡೆಗೆ.