ರೈಲಿನೊಳಗೊಂದು ಬದು

ಬಂಗಾರಪೇಟೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಮುನಿರತ್ನಮ್ಮನ ಹೆಸರು ಹರಡಿದ್ದು ಒಂದು ಬದುವಿನ ದೆಸೆಯಿಂದ. ಪಕ್ಕದ ಹೊಲದ ಮುನಿಸ್ವಾಮಪ್ಪ ಒಂದು ಮುಂಗಾರಿನಲ್ಲಿ ಟ್ರ್ಯಾಕ್ಟರ್ ತರಿಸಿ, ಎರಡು ಹೊಲಗಳ ನಡುವಿನ ಬದುವನ್ನು ಗೇಣುದ್ದ ಇತ್ತ ಒತ್ತಿ ಉಳುಮೆ ಮಾಡಿಸಲು ಹೊರಟಿದ್ದ. ಈಕೆ ಹೋಗಿ ಬದುವಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. ಬೈಗುಳವಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಮಧ್ಯಾಹ್ನದ ಮುದ್ದೆಯನ್ನು ಅಲ್ಲಿಗೇ ತರಿಸಿ ಉಂಡಳು, ಅಲ್ಲೇ ಎಲೆ ಅಡಿಕೆ ಹಾಕಿಕೊಂಡಳು. ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ, ಅವಳ ಹತ್ತಿರವೇ ಒಂದು ಎಲೆ ಇಸಿದುಕೊಂಡು ಜಗಿಯುತ್ತಾ, ಬಂದ ದಾರಿ ಹಿಡಿದ. ಕೂತವರದ್ದು ಜಾಗ, ಕಾಗದಪತ್ರವೆಲ್ಲ ಆಮೇಲೆ ಎಂಬುದು ಅಂದಿನಿಂದ ಅವಳ ಕಾನೂನು.

ಇಂಥವಳ ಮನೆಯಲ್ಲಿ ಈಗ ಬೇರೆಯದೇ ಒಂದು ಪಂಚಾಯಿತಿ ಎದ್ದಿತ್ತು. ಸೊಸೆ ಸುಕನ್ಯ ವೈಟ್‌ಫೀಲ್ಡಿನ ಕಡೆ ಬಲ್ಬು ಜೋಡಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಎರಡನೆಯ ಹೆರಿಗೆಗೆ ಸಿಕ್ಕ ರಜೆ ಮುಗಿದು, ಸಂಬಳವಿಲ್ಲದ ರಜೆಯೂ ಈ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಆಮೇಲೆ ಬಂದರೆ ಕೆಲಸ, ಬಾರದಿದ್ದರೆ ನಮಸ್ಕಾರ ಎಂದು ಕಂಪನಿಯವರು ಹೇಳಿಯಾಗಿತ್ತು. ಮತ್ತೆ ಹೋಗುವುದೋ, ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವುದೋ?

ಸುಕನ್ಯಳಿಗೇ ಗೊತ್ತಾಗುತ್ತಿರಲಿಲ್ಲ. ತೆವಳುವ ಗಂಡುಕೂಸು ಬಂದು ಕಾಲ್ಬೆರಳು ಹಿಡಿದರೆ, "ಥೂ, ಯಾವ ಕೆಲಸ, ನಾನೋಗಲ್ಲ" ಎನ್ನುವಳು. ಅಂಗನವಾಡಿಗೆ ಹೋಗುವ ದೊಡ್ಡವಳು ಲಿಖಿತ, ರಾಗಿಹಿಟ್ಟು ತೆಗೆದು ನೀರಿನ ಡ್ರಮ್ಮಿಗೆ ಸುರಿದು ಕೋಲಿನಿಂದ ತಿರುವತೊಡಗಿದರೆ, "ನಾಳೇನೇ ಓಯ್ತೀನಿ, ನಾಳೇನೇ" ಎನ್ನುವಳು. ಗಂಡ ಶ್ರೀಧರ ಆಂಡರ್ಸನ್‌ಪೇಟೆಯಲ್ಲಿ ಲಗೇಜ್ ಆಟೋ ಓಡಿಸುವವನು. ಅವನದು ಒಂದೇ ಪಲ್ಲವಿ: "ನೀವೆಲ್ಲ ಎಂಗೇಳಿದ್ರೆ ಅಂಗೆ." ಮಾವ ಅಶ್ವತ್ಥಪ್ಪನನ್ನು ಯಾರೂ ಕೇಳಿರಲಿಲ್ಲ. ಆದರೂ ದಿನಕ್ಕೊಂದು ತೀರ್ಪು ಕೊಡುತ್ತಿದ್ದ, ಮಾರನೆಯ ದಿನ ತಾನೇ ಅದನ್ನು ರದ್ದು ಮಾಡುತ್ತಿದ್ದ.

ಮುನಿರತ್ನಮ್ಮನ ಮಾತು ಮಾತ್ರ ಗೂಟ ಹೊಡೆದಂತಿತ್ತು. "ಎತ್ತ ತಾಯಿ ಮನೇಲಿರ್ಬೇಕು. ಲಿಖಿತನ್ನ ಸಾಕಿ ನನ್ನ ಮಂಡಿ ಸವೆದೋದ್ವು. ಇನ್ನೊಂದನ್ನ ಸಾಕೋಕೆ ಬೇರೆ ಮಂಡಿ ಎಲ್ಲಿಂದ ತರ್ಲಿ?" ಮಂಡಿಯ ಮಾತು ಅರ್ಧ ಸತ್ಯ. ಕೂಸು ಮಡಿಲಿಗೆ ಬಿದ್ದರೆ ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುವುದು ತಪ್ಪುತ್ತದೆ, ಡೇರಿ ತಪ್ಪಿದರೆ ಊರಿನ ಸುದ್ದಿ ತಪ್ಪುತ್ತದೆ ಎಂಬುದು ಉಳಿದರ್ಧ.

ಹೀಗಿರುವಾಗ ಒಂದು ಸಂಜೆ ಸೆಲ್ವಿಯ ಫೋನು ಬಂತು. ಸೆಲ್ವಿ ಮಾರಿಕುಪ್ಪಂನವಳು, ಸುಕನ್ಯಳ ರೈಲು ಗೆಳತಿ. ಮಾರಿಕುಪ್ಪಂನಲ್ಲಿ ಹೊರಡುವ ಬೆಂಗಳೂರು ಗಾಡಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಅವರೆಕಾಯಿ ಮೂಟೆಯಂತೆ ಬಿಗಿದುಕೊಂಡಿರುತ್ತದೆ. ಹಾಗಾಗಿ ಮೊದಲು ಹತ್ತಿದವರು ಮುಂದೆ ಹತ್ತುವ ಗೆಳತಿಯರಿಗೆ ಟವಲ್ ಹಾಸಿ ಜಾಗ ಹಿಡಿಯುವುದು ಹೆಂಗಸರ ಡಬ್ಬಿಯ ಪದ್ಧತಿ. ಜಾಗದವಳು ಬರುವುದು ನಿಂತರೆ ಒಂದಷ್ಟು ಕಾಲ ಕಾಯುತ್ತಾರೆ, ಆಮೇಲೆ ಟವಲ್ ಮಡಚಿ ಚೀಲಕ್ಕೆ ಹಾಕುತ್ತಾರೆ.

ಕೂಸಿಗೆ ಆಗಷ್ಟೇ ಇಂಜೆಕ್ಷನ್ ಹಾಕಿಸಿ ಮೈ ಬಿಸಿಯಾಗಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡಿದ್ದ ಸುಕನ್ಯ ಸ್ಪೀಕರ್ ಒತ್ತಿದಳು.

"ಅಕ್ಕಾ, ಎನ್ನಕ್ಕಾ ಇದು! ಸುಕನ್ಯಾ ಬರ್ತಾಳೆ, ಸುಕನ್ಯಾ ಬರ್ತಾಳೆ ಅಂತ ಹಾಸಿ ಹಾಸಿ ನನ್ನ ಟವಲೇ ಸವೆದೋಯ್ತು. ಕೋರಮಂಡಲ್‌ನಲ್ಲಿ ಅರ್ಚನಾ ಅಂತ ಹೊಸಬಳು ಹತ್ತುತ್ತಾಳೆ. ಇವತ್ತು ಟವಲ್ ಎತ್ತಿ ನನ್ನ ಕೈಗೇ ಕೊಟ್ಟು ಕೂತ್ಕೊಂಡ್ಳು! ನಾಳೆ ನೀನು ಬರ್ಲಿಲ್ಲಾಂದ್ರೆ ಕಿಟಕಿ ಸೀಟು ಅವಳದೇ."

"ಪಾಪೂಗೆ ಜ್ವರ ಸೆಲ್ವಿ, ನಾಳೆ ಎಂಗೆ ಬರ್ಲಿ? ಕೂತ್ಕೊಳ್ಲಿ ಬಿಡು. ನಾನು ಕೆಲ್ಸಕ್ಕೆ ಬತ್ತೀನೋ ಇಲ್ವೋ ನಂಗೇ ಗೊತ್ತಿಲ್ಲ."

ಕಾಳು ಬಿಡಿಸುತ್ತಿದ್ದ ಮುನಿರತ್ನಮ್ಮನ ಕೈ ನಿಂತಿತು. "ಬಿಡೋದಾ? ಯಾವೋಳೋ ಬಂದು ನಮ್ಮ ಜಾಗದಾಗೆ ಕೂರೋದು, ನಾವು ಬಿಡೋದಾ?"

ಅಶ್ವತ್ಥಪ್ಪ ಬೀಡಿ ತೆಗೆದು ನಕ್ಕ. "ಲೇ, ಅದೇನು ನಿಮ್ಮಪ್ಪ ಅರಿಶಿನ ಕುಂಕುಮಕ್ಕೆ ಬರ್ಕೊಟ್ಟ ಜಮೀನಾ? ರೈಲು ಸರ್ಕಾರದ್ದು."

"ಗೋಮಾಳಾನೂ ಸರ್ಕಾರದ್ದೇ. ಉತ್ತು ಬಿತ್ತಿದೋನು ಬಿಟ್ಕೊಡ್ತಾನಾ? ಮದುವೆಯಾಗಿ ಬಂದಾಗಿಂದ ನನ್ನ ಸೊಸೆ ಕೂತಿರೋ ಜಾಗ ಅದು."

"ಅಲ್ಲಾ, ಅವಳು ಕೆಲ್ಸಕ್ಕೇ ಓಗ್ಬಾರ್ದು ಅಂದೋಳು ನೀನೇ ಅಲ್ವಾ?"

"ಓಗೋದು ಬಿಡೋದು ಮನೆ ವಿಚಾರ. ಬದು ಬೇರೆ."

ಮಾರನೆಯ ಬೆಳಿಗ್ಗೆ ಮುನಿರತ್ನಮ್ಮ ಹಾಲಿನ ಕ್ಯಾನನ್ನು ಗಂಡನ ಕೈಗೆ ಕೊಟ್ಟು, ನೆಂಟರ ಮದುವೆಗೆ ಉಡುವ ಸೀರೆ ಉಟ್ಟು, ಮಗನ ಆಟೋದಲ್ಲಿ ಸ್ಟೇಷನ್ನಿಗೆ ಹೋಗಿ ವೈಟ್‌ಫೀಲ್ಡಿಗೆ ಟಿಕೆಟ್ ತೆಗೆಸಿದಳು. ಅಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಇಳಿದು ಎದುರಿನ ಗಾಡಿ ಹತ್ತಿ ವಾಪಸು ಬರುವುದು, ಅಷ್ಟೆ.

ಗಾಡಿ ಬಂತು. ಹೆಂಗಸರ ಡಬ್ಬಿಗೆ ನುಗ್ಗಿ, ಊಟದ ಚೀಲಗಳನ್ನು, ಮೊಣಕೈಗಳನ್ನು ಸರಿಸಿಕೊಂಡು ಹೋದಳು. ಕಿಟಕಿಯ ಪಕ್ಕದಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬ ಹುಡುಗಿ ಕೂತಿದ್ದಳು. ಮುನಿರತ್ನಮ್ಮ ಸೊಂಟಕ್ಕೆ ಕೈಕೊಟ್ಟು ದನಿ ತೆಗೆದಳು.

"ಏನಮ್ಮಯ್ಯಾ! ಯಾವೂರಾಯ್ತು? ಯಾರ ಮನೆ ಮಗಳು ನೀನು?"

ಅಕ್ಕಪಕ್ಕದ ಹೆಂಗಸರೆಲ್ಲ ತಟ್ಟನೆ ಇತ್ತ ತಿರುಗಿದರು. ಆಮೇಲೆ ಯಾರೋ ಕಿಸಕ್ಕೆಂದರು, ನೋಡನೋಡುತ್ತಿದ್ದಂತೆ ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಮೂಗಿನ ಎರಡೂ ಕಡೆ ಬೇಸರಿ ಹಾಕಿದ್ದ ಒಬ್ಬಳು ಎದ್ದು ನಿಂತು ಕೂಗಿದಳು: "ಐಯಯ್ಯೋ, ಮುನಿರತ್ನಮ್ಮಾ! ನೀವೇ ತಾನೇ? ನಾನು ಸೆಲ್ವಿ!"

"ನನ್ನ ಗುರ್ತು ಎಂಗಮ್ಮ ಅತ್ತಿತು ನಿಂಗೆ?"

"ಮುಖ ಇವತ್ತೇ ನೋಡಿದ್ದು. ದನಿ ದಿನಾ ಕೇಳಿದೀವಲ್ಲಾ! ಸುಕನ್ಯಾ ಮಾಡಿ ತೋರಿಸ್ತಾಳೆ. ಸೇಮ್ ಟು ಸೇಮ್!"

ಮುನಿರತ್ನಮ್ಮನ ಮುಖ ಒಲೆಯ ಮೇಲಿನ ಹೆಂಚಾಯಿತು. "ಏನೇನು ಮಾಡಿ ತೋರಿಸ್ತಾಳೆ?"

ಹೇಳಬಾರದು ಎಂದುಕೊಂಡೇ ಎಲ್ಲರೂ ಒಟ್ಟಿಗೆ ಹೇಳಿದರು. ಮುದ್ದೆಯಲ್ಲಿ ಗಂಟು ಸಿಕ್ಕಿದರೆ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡುವುದು. ಫೋನನ್ನು ಕಿವಿಗಲ್ಲ, ಬಾಯಿಗೆ ಹಿಡಿದು ಕೂಗುವುದು. ಎಲ್ಲಕ್ಕಿಂತ ಮೇಲಾಗಿ, ಹಸುವನ್ನು ಕರೆಯುವುದೂ ಸೊಸೆಯನ್ನು ಕರೆಯುವುದೂ ಒಂದೇ ರಾಗದಲ್ಲಂತೆ. ಕರೆದರೆ ಹಸು ಮೊದಲು ಬರುತ್ತದಂತೆ.

"ಅಸು ಮೊದ್ಲು ಬತ್ತದೆ ಅಂದ್ರೆ ಅದು ಅಸೂನ ಒಳ್ಳೇತನ!" ಎಂದು ಮುನಿರತ್ನಮ್ಮ ಸಿಡುಕಿದಳು. ಅದಕ್ಕೂ ನಗು. ಸಿಟ್ಟು ನೆತ್ತಿಗೇರಬೇಕಾದದ್ದು ಅರ್ಧ ದಾರಿಯಲ್ಲಿ ನಿಂತಿತು. ತಾನು ಇವತ್ತಿನವರೆಗೆ ಕಾಲಿಡದ ಗಾಡಿಯಲ್ಲಿ, ಮಾರಿಕುಪ್ಪಂನಿಂದ ವೈಟ್‌ಫೀಲ್ಡಿನವರೆಗೆ ತನ್ನ ಹೆಸರು ದಿನವೂ ಓಡಾಡುತ್ತಿದೆ! ಬದುವಿನ ಗಲಾಟೆಯಲ್ಲೂ ಇಷ್ಟು ದೂರ ಹೋಗಿರಲಿಲ್ಲ.

"ಆ ರಾಗ ಒಂದ್ಸಲ ಮಾಡಿ ಅಮ್ಮಾ" ಎಂದು ಯಾರೋ ಗೋಗರೆದರು. "ಓಗ್ರೇ" ಎಂದಳು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಬಾರೇಏಏ, ಬಾ!" ಎಂದು ಒಂದು ಎಳೆ ಎಳೆದಳು. ಅರ್ಚನ ಕಿವಿಯ ವೈರು ಕಿತ್ತುಕೊಂಡು ಎದ್ದೇಬಿಟ್ಟಳು. ಮುನಿರತ್ನಮ್ಮ ಕೂತಳು. ಕೂತ ಮೇಲೆ ದೊಡ್ಡ ಮನಸ್ಸು ಮಾಡಿ, "ಈ ಅಂಚಿನಾಗೆ ಕುಂಡಿ ಊರ್ಕೊಳಮ್ಮಯ್ಯ. ಸೊಸೆ ಬರೋಗಂಟ ನಿಂಗೆ ಗುತ್ತಿಗೆ" ಎಂದಳು.

ತ್ಯಾಕಲ್ ಬಂತು. ಸೆಲ್ವಿ ತನ್ನ ಹೆಗಲು ತಟ್ಟಿ, "ಮಲ್ಕೊಳ್ಳಿ ಅಮ್ಮಾ" ಎಂದಳು.

"ನಾನ್ಯಾಕಮ್ಮಾ ಮಲ್ಕೊಳ್ಲಿ?"

"ತ್ಯಾಕಲ್ ಬಂದ್ರೆ ಸುಕನ್ಯಾ ಇಲ್ಲಿ ತಲೆ ಇಡ್ತಾಳೆ. ಅಷ್ಟೊತ್ತನಕ ನಗಿಸ್ತಾಳೆ, ಆಮೇಲೆ ಮಾಲೂರು ಬಂದಿದ್ದು ಹೋಗಿದ್ದು ಒಂದೂ ಗೊತ್ತಿರಲ್ಲ. ನಾನು ಕೂಡ ಅಲ್ಲಾಡಲ್ಲ. ಪಾವಂ, ಅವಳು ಕೂರೋದೇ ಇಲ್ಲಿ."

ಮುನಿರತ್ನಮ್ಮ ಕಿಟಕಿಯ ಕಡೆ ತಿರುಗಿದಳು. ಮನೆಯಲ್ಲಿ ಸುಕನ್ಯ ಸುಮ್ಮನೆ ಕೂತಿದ್ದನ್ನು ಯಾವಾಗ ನೋಡಿದ್ದೆ ಎಂದು ನೆನೆಸಿಕೊಳ್ಳಲು ಹೊರಟಳು. ಸೌದೆ ಒಟ್ಟುತ್ತಾ, ಸಗಣಿ ಬಾಚುತ್ತಾ, ಕೂಸಿಗೆ ಹಾಲು ಕುಡಿಸುತ್ತಲೂ ಇನ್ನೊಂದು ಕೈಯಲ್ಲಿ ಬಟ್ಟೆ ಮಡಚುತ್ತಾ ಇದ್ದ ಸೊಸೆಯರು ಕಣ್ಣ ಮುಂದೆ ಸಾಲಾಗಿ ಬಂದರು. ಕೂತ ಸೊಸೆ ಒಬ್ಬಳೂ ಬರಲಿಲ್ಲ. ದೇವನಗೊಂದಿ ದಾಟುವವರೆಗೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಹೆಂಗಸರು, ಹುಷಾರಿಲ್ಲವೇನೋ ಎಂದುಕೊಂಡರು.

ಕೂಸಿನ ಜ್ವರ ಮಾರನೆಯ ದಿನವೇ ಬಿಟ್ಟಿತು, ಆದರೆ ಅಜ್ಜಿ ರೈಲು ಬಿಡಲಿಲ್ಲ. "ಇನ್ನೊಂದಿನ ಕೂರ್ತೀನಿ, ಇಲ್ಲಾಂದ್ರೆ ಆ ಹುಡುಗಿ ಗುತ್ತಿಗೆ ಮರ್ತುಬಿಡ್ತಾಳೆ" ಎನ್ನುತ್ತಾ ದಿನವೂ ಹೊರಟಳು. ಒಂದು ದಿನ ಅವರೆಕಾಯಿ ಒಯ್ದು ಇಡೀ ಸಾಲಿನ ಕೈಯಲ್ಲಿ ಸುಲಿಸಿಕೊಂಡು ಬಂದಳು. ಇನ್ನೊಂದು ದಿನ ಕನಕಾಂಬರ ಒಯ್ದು ಅರ್ಚನಳಿಗೆ ಕಟ್ಟುವುದನ್ನು ಕಲಿಸಿದಳು. ಅತ್ತ ಅಶ್ವತ್ಥಪ್ಪ ಹಾಲಿನ ಕ್ಯಾನ್ ಹೊತ್ತು ಡೇರಿಗೆ ಹೋಗಿ, ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ. "ಏನ್ ಮಾವಾ, ಅತ್ತೇನ ಕೆಲ್ಸಕ್ಕೆ ಕಳ್ಸಿ ನೀನು ಮನೇಲಿದ್ಯಂತೆ?" ಎಂದು ಅವರು ಕೇಳಿದರೆ, "ಊಂ ಕಣಮ್ಮ, ಏನ್ಮಾಡೋದು, ಸಂಬಳ ಇಲ್ಲದ ಕೆಲ್ಸ" ಎನ್ನುತ್ತಿದ್ದ.

ತಿಂಗಳ ಕೊನೆ ಬಂತು. ಸಂಜೆ ಹಾಲು ಕರೆದ ಮೇಲೆ ಸುಕನ್ಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು.

"ಅತ್ತಮ್ಮಾ, ತೀರ್ಮಾನ ಮಾಡ್ದೆ. ನಾನು ಓಗಲ್ಲ, ಮನೇಲೇ ಇರ್ತೀನಿ. ಕಂಪನಿಗೆ ನಾಳೆ ಫೋನ್ ಮಾಡ್ತೀನಿ."

ತಾನು ಕೇಳಿದ್ದೇ ಸಿಕ್ಕಿತ್ತು, ಆದರೂ ಮುನಿರತ್ನಮ್ಮ ಸೊಸೆಯ ಮೇಲೇ ರೇಗಿದಳು. "ಯಾಕೇ? ಓಗಲ್ಲ ಅಂದ್ರೆ? ನಾನಲ್ಲಿ ಇಷ್ಟು ದಿನ ಸ್ವಾಧೀನ ಕಾದಿದ್ದು ಯಾರಿಗೆ?"

"ನೀವೇ ಅಂದ್ರಲ್ಲ, ಎತ್ತ ತಾಯಿ ಮನೇಲಿರ್ಬೇಕು ಅಂತ."

"ನಾನು ಸಾವಿರ ಅಂತೀನಿ. ನನ್ನ ಮಾತು ಈ ಮನೇಲಿ ಯಾವತ್ತು ನಡೆದೈತೆ, ಇವತ್ತು ನಡೆಯಾಕೆ?"

ಸುಕನ್ಯ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಂಗೆ ಓಗೋಕೆ ಇಷ್ಟ ಅತ್ತಮ್ಮಾ. ಆದ್ರೆ ಭಯ. ಲಿಖಿತ ಮೊದಲ್ನೇ ಸಲ 'ಅಮ್ಮ' ಅಂದಿದ್ದು ನಿಮಗೆ. ನಾನು ಕೆಲ್ಸ ಮುಗಿಸ್ಕೊಂಡು ಬಂದು ಬಾಗಿಲಲ್ಲಿ ನಿಂತಿದ್ದೆ. ಇದೂ ಅಂಗೇ ಅಂದ್ಬಿಟ್ರೆ ನಂಗೆ ತಡ್ಕೊಳ್ಳೋಕಾಗಲ್ಲ."

ಮುನಿರತ್ನಮ್ಮ ಹಾಲಿನ ಕ್ಯಾನಿನ ಮುಚ್ಚಳವನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆ ದಿನ ಬಾಗಿಲಲ್ಲಿ ಸೊಸೆ ನಿಂತಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಈ ಸಲ ಅದು 'ಅಮ್ಮ' ಅಂದ್ರೆ ನಾನು ಊಂ ಅನ್ನಲ್ಲ" ಎಂದಳು. "ಬಾಯಿಗೆ ಸೆರಗು ತುಂಬ್ಕೊಂಡು ನಿಲ್ತೀನಿ. ನಿಮ್ಮಮ್ಮ ರೈಲಲ್ಲವ್ಳೆ, ಕಿಟಕಿ ಪಕ್ಕ ನಿದ್ದೆ ಮಾಡ್ತವ್ಳೆ ಅಂತೀನಿ. ಅಷ್ಟೇ ಕಣೇ ನನ್ನ ಕೈಲಾಗೋದು. ಓಗು, ಬಿಡು, ನಿನ್ನಿಷ್ಟ."

ಸುಕನ್ಯ ಗಾಬರಿಯಿಂದ ತಲೆ ಎತ್ತಿದಳು. "ನಿದ್ದೆ ವಿಷ್ಯ ಯಾರೇಳಿದ್ರು? ಅಲ್ಲಿ ಇನ್ನೂ ಏನೇನೇಳಿದ್ರು ಅತ್ತಮ್ಮಾ?"

"ಎಲ್ಲಾ ಏಳಿದ್ರು" ಎಂದು ಮುನಿರತ್ನಮ್ಮ ಹಸುವಿನ ಮೈ ತಟ್ಟಿದಳು. "ಇವಳು ಮೊದ್ಲು ಬತ್ತಾಳೆ ಅನ್ನೋದನ್ನೂ ಏಳಿದ್ರು."

ಸುಕನ್ಯ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

ಬೆಳಿಗ್ಗೆ ಮುನಿರತ್ನಮ್ಮ ಯಾವುದಕ್ಕೂ ಇರಲಿ ಎಂದು ಮದುವೆ ಸೀರೆ ಉಟ್ಟು ಹೊರಬಂದರೆ, ಸುಕನ್ಯ ಕಂಪನಿಯ ನೀಲಿ ಕೋಟು ತೊಟ್ಟು, ಊಟದ ಡಬ್ಬಿ ಹಿಡಿದು ನಿಂತಿದ್ದಳು. "ಸೀರೆ ಬದಲಾಯಿಸ್ಕೊಳ್ಳಿ ಅತ್ತಮ್ಮಾ. ನಾನೇ ಓಯ್ತೀನಿ." ಕೂಸನ್ನು ಅವಳ ತೋಳಿಗೆ ಹಾಕಿ, ತಿರುಗಿ ನೋಡದೆ ಆಟೋ ಹತ್ತಿದಳು. ಮುನಿರತ್ನಮ್ಮನಿಗೆ ಗೆದ್ದಂತೆಯೂ ಆಯಿತು, ಯಾರೋ ತನ್ನನ್ನು ಸೀಟಿನಿಂದ ಎಬ್ಬಿಸಿದಂತೆಯೂ ಆಯಿತು.

ಕೊಟ್ಟ ಮಾತಿಗೆ ಪರೀಕ್ಷೆ ಅದೇ ಮಧ್ಯಾಹ್ನ ಬಂತು. ಕೂಸು ಅಂಗಳದಲ್ಲಿ ತೆವಳಿ ಬಂದು, ಅಜ್ಜಿಯ ಸೀರೆ ಹಿಡಿದು ಎದ್ದು ನಿಂತು, ಸ್ಪಷ್ಟವಾಗಿ "ಅಮ್ಮ" ಎಂದಿತು. ಮುನಿರತ್ನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಸೂರು ನೋಡಿದಳು. ಕಣ್ಣಲ್ಲಿ ನೀರು ಬಂತು, ಊಂ ಎನ್ನಲಿಲ್ಲ. "ಅಮ್ಮ" ಎಂದು ಅದು ಮತ್ತೆ ಕೂಗಿತು. ಆಗ ಕೊಟ್ಟಿಗೆಯಿಂದ ಹಸು "ಅಂಬಾ" ಎಂದು ಓಗೊಟ್ಟಿತು. ಕೂಸಿಗೆ ಖುಷಿಯೋ ಖುಷಿ. ಸೀರೆ ಬಿಟ್ಟು ಕೊಟ್ಟಿಗೆಯ ಕಡೆ ತೆವಳಿತು. ಸಂಜೆಯವರೆಗೂ ಇದು "ಅಮ್ಮ" ಎನ್ನುವುದು, ಅದು "ಅಂಬಾ" ಎನ್ನುವುದು, ಇದೇ ಸಂಭಾಷಣೆ.

ಸುಕನ್ಯ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ಅತ್ತಮ್ಮಾ, ಏನ್ ಮಾಡ್ ತೋರಿಸಿದ್ರಿ ಅಲ್ಲಿ? ನಾನಿನ್ನೂ ಬಾಯೇ ತೆಗ್ದಿಲ್ಲ, ಎಲ್ರೂ ಬಿದ್ದು ಬಿದ್ದು ನಗ್ತಾರೆ!"

"ಏನಿಲ್ಲಪ್ಪಾ. ಗಂಡನ ಹತ್ರ ಫೋನಲ್ಲಿ ನೀನು ಮಾತಾಡೋ ದನಿ. ಅಷ್ಟೇಯಾ."

"ಅಷ್ಟೇಯಾ?"

"ಕನ್ನಡಿ ಮುಂದೆ ನಿಂತು ಮೂತಿ ತಿರುವೋದು, ಅದೂ ಒಂಚೂರು."

ಸುಕನ್ಯ ಏನೋ ಹೇಳಹೊರಟವಳು ಸುತ್ತ ನೋಡಿದಳು. "ಪಾಪು ಎಲ್ಲಿ?"

"ಅವನಿಗೊಬ್ಬಳು ತಾಯಿ ಸಿಕ್ಕವ್ಳೆ. ಕೊಟ್ಟಿಗೇಲವ್ನೆ, ನಿಮ್ಮ ಮಾವನ ಜೊತೆ. ನಾನು ಮಾತ್ರ ಊಂ ಅಂದಿಲ್ಲ, ಲಿಖಿತನ್ನ ಕೇಳು ಬೇಕಾದ್ರೆ."

ಸುಕನ್ಯ ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಚಾಚಿ, ಅತ್ತೆಯ ರಾಗವನ್ನು ಅತ್ತೆಯೆದುರೇ ಎಳೆದಳು: "ಬಾರೋಓಓ, ಬಾ!"

ಹಸು ಹಗ್ಗ ಜಗ್ಗಿತು, ಕಟ್ಟಿದ್ದರಿಂದ ಬರಲಾಗಲಿಲ್ಲ. ಕೂಸು ಅಶ್ವತ್ಥಪ್ಪನ ಕಾಲ ಸಂದಿಯಿಂದ ನುಸುಳಿ, ಸಗಣಿಯ ಕೈಗಳನ್ನು ಪಟಪಟ ಬಡಿಯುತ್ತಾ ತೆವಳಿ ಬಂದು, ನೀಲಿ ಕೋಟನ್ನು ಹಿಡಿದುಕೊಂಡು, ಮಧ್ಯಾಹ್ನದಿಂದ ಸವೆಸಿದ್ದ ಆ ಒಂದೇ ಮಾತನ್ನು ಅವಳ ಮುಖಕ್ಕೇ ಅಂದಿತು.

ಮುನಿರತ್ನಮ್ಮ ಆ ಕಡೆ ತಿರುಗಿ ಸುಮ್ಮನೆ ಮೂಗು ಸೀಟಿದಳು. ಆಮೇಲೆ ದನಿ ಗಟ್ಟಿ ಮಾಡಿಕೊಂಡು ಕೇಳಿದಳು:

"ಕಿಟಕಿ ಪಕ್ಕಾನೇ ಕೂತೆ ತಾನೇ? ಆ ಅರ್ಚನ ಗೇಣು ಕೂಡ ಈ ಕಡೆ ಒತ್ತಿಲ್ಲ ತಾನೇ?"