ಅಂಕಲ್ ಮಾಡುತ್ತಿದ್ದ ಹೊಳೆಯುವ ಕೋಳಿ

ಅವರು ಬಾಣಲೆಗೆ ಕಣ್ಣಿಡುತ್ತಿರಲಿಲ್ಲ, ಕಿವಿ ಕೊಡುತ್ತಿದ್ದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಒಲೆಯ ಪಕ್ಕದ ಕಟ್ಟೆಯ ಮೇಲೆ, ಕಣ್ಣು ಮುಚ್ಚಿ, ಅಗಲವಾದ ಎಡಗಿವಿಯನ್ನು ಹಬೆಯ ಹತ್ತಿರಕ್ಕೆ ತಂದು ನಿಲ್ಲುತ್ತಿದ್ದರು. ಕಿವಿಯ ತುದಿಯಲ್ಲಿ ಬಿಳಿ ಕೂದಲಿನ ಒಂದು ಸಣ್ಣ ಕುಚ್ಚು. ಕೊಬ್ಬು ಸಿಡಿದರೂ ಆ ಕಿವಿ ಹಿಂದೆ ಸರಿಯುತ್ತಿರಲಿಲ್ಲ. ಅದು ಬಲಗಿವಿ ಎಂದು ನನ್ನ ಗಂಡ ವಾದಿಸುತ್ತಾನೆ. ನಮ್ಮ ಒಲೆ ಯಾವ ಗೋಡೆಗಿತ್ತು, ಅವರು ಯಾವ ಕಡೆ ನಿಲ್ಲುತ್ತಿದ್ದರು ಎಂದು ಲೆಕ್ಕ ಹಾಕಿದರೆ ಎಡಗಿವಿಯೇ ಇರಬೇಕು. ನಾನು ಓದಿದ್ದು ಇತಿಹಾಸ, ಒಬ್ಬರ ನೆನಪನ್ನೇ ನಂಬಿ ಏನನ್ನೂ ಬರೆಯಬಾರದು ಎಂದು ನನಗೆ ಕಲಿಸಿದ್ದಾರೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಬಾಣಲೆಯನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಅಮೆರಿಕದ ಹೇವರ್ಡಿನ ಅಪಾರ್ಟ್‌ಮೆಂಟಿನಲ್ಲಿ ಅವರು ನಮ್ಮ ಕೆಳಗಿನ ಮನೆಯವರು. ಮಂಗಳೂರಿನ ಕೊಂಕಣಿ ಕ್ರೈಸ್ತರು. ಆಯುಷ್ಯದ ಬಹುಪಾಲು ಸರಕು ಹಡಗುಗಳಲ್ಲಿ ಅಡುಗೆ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ನರ್ಸ್ ಆಗಿದ್ದ ಮಗಳ ಜೊತೆಗೆ ಬಂದಿದ್ದರು. ಇಡೀ ಕಟ್ಟಡಕ್ಕೆ ಅವರು ಅಂಕಲ್. ಒಂದು ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿ, ಹೆಸರು ಹೇಳದೆ, ಕ್ಷೇಮ ಕೇಳದೆ, ನೇರವಾಗಿ ವಿಚಾರಿಸಿದರು.

"ನೀವು ಕೋಳಿ ತಿನ್ನುವವರಾ?"

ಮೈಸೂರಿನವರು, ತಿನ್ನುತ್ತೇವೆ ಎಂದೆ. ಹಾಗಾದರೆ ಒಲೆ ಖಾಲಿ ಉಂಟಾ ಎಂದು ಕೇಳಿದರು. ಅವರ ಮನೆಯಲ್ಲಿ ಒಲೆಯೇನೋ ಇತ್ತು, ಆದರೆ ಉರಿ ಹೆಚ್ಚು ಕಡಿಮೆ ಮಾಡುವ ಗುಂಡಿಗಳು ಇರಲಿಲ್ಲ. ಮಗಳು ನಾಲ್ಕನ್ನೂ ಕಿತ್ತು ಕೈಚೀಲದಲ್ಲಿ ಹಾಕಿಕೊಂಡು ದಿನವೂ ಆಸ್ಪತ್ರೆಗೆ ಹೋಗುತ್ತಿದ್ದಳು.

ಅದಕ್ಕೆ ಕಾರಣವಿತ್ತು. ನಮ್ಮ ಕಟ್ಟಡದಲ್ಲಿ ಒಗ್ಗರಣೆ ಹಾಕುವ ಮನೆಗಳಿಗೆಲ್ಲ ಒಂದು ಪದ್ಧತಿ: ಮೊದಲು ಕುರ್ಚಿ ಹತ್ತಿ ಸ್ಮೋಕ್ ಅಲಾರ್ಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುವುದು, ಆಮೇಲೆ ಸಾಸಿವೆ ಸಿಡಿಸುವುದು. ಅಂಕಲ್ ಕೂಡ ಹಾಗೆಯೇ ಟೋಪಿ ತೊಡಿಸಿ, ಮೀನು ಹುರಿಯಲು ಇಟ್ಟು, ಟಪಾಲು ತರಲು ಹೋದವರು ಅಲ್ಲಿ ಸಿಕ್ಕವರ ಜೊತೆ ಮಾತಿಗೆ ನಿಂತು ಮೀನನ್ನು ಪೂರ್ತಿ ಮರೆತಿದ್ದರು. ಅಲಾರ್ಮು ಬಾಯಿ ಕಟ್ಟಿಸಿಕೊಂಡು ಸುಮ್ಮನಿತ್ತು. ಕಿಟಕಿಯ ಪರದೆಗೆ ಬೆಂಕಿ ಹತ್ತಿದ ಮೇಲೆ ಯಾರೋ ನೋಡಿ ಕೂಗಿದರು. ಇತ್ತೀಚೆಗೆ ಅವರು ಬೇರೆ ಸಂಗತಿಗಳನ್ನೂ ಮರೆಯುತ್ತಿದ್ದರು.

ಮಗಳಿಗೆ ಫೋನ್ ಮಾಡಿದೆ. "ನೀವು ಪಕ್ಕದಲ್ಲೇ ಇದ್ರೆ ಓಕೆ," ಎಂದಳು. "ಬಿಟ್ಟು ಮಾತ್ರ ಹೋಗ್ಬೇಡಿ, ಪ್ಲೀಸ್."

ಹೀಗೆ ನನ್ನ ಅಡುಗೆಮನೆಯಲ್ಲಿ ತೆರಿಯಾಕಿ ಎಂಬ ಕೋಳಿಯ ಅಡುಗೆ ಶುರುವಾಯಿತು. ಅಲ್ಲಿಯವರೆಗೆ ಅದನ್ನು ನಾನು ಮಾಲ್‌ಗಳಲ್ಲಿ ಮಾತ್ರ ತಿಂದಿದ್ದೆ, ಅನ್ನದ ಮೇಲೆ ಸುರಿದ ಕಂದು ಬಣ್ಣದ ಪಾಕವಾಗಿ. ಮಾಲಿನ ಆ ಪಾಕದ ಹೆಸರು ಎತ್ತಿದರೆ ಅಂಕಲ್ ಮುಖ ಸಿಂಡರಿಸುತ್ತಿದ್ದರು. ಅವರು ಇದನ್ನು ಕಲಿತದ್ದು ಜಪಾನಿನ ಕೋಬೆ ಬಂದರಿನಲ್ಲಿ, ಒಬ್ಬ ಮುದುಕ ಅಡುಗೆಯವನಿಂದ. ಮುಂದಿನ ವಾರ ಅದು ಯೊಕೊಹಾಮ ಆಗುತ್ತಿತ್ತು, ಮುದುಕನ ಬದಲು ಅವನ ಹೆಂಡತಿ ಬರುತ್ತಿದ್ದಳು. ಇದು ಮರೆವೋ ಬಡಾಯಿಯೋ ನನಗೆ ಕೊನೆಗೂ ತಿಳಿಯಲಿಲ್ಲ. ಹಡಗಿನವರೆಲ್ಲ ತಮ್ಮ ಅಡುಗೆ ತಿನ್ನಲೆಂದೇ ಕೆಲಸ ಬಿಡದೆ ಉಳಿದಿದ್ದರು ಎನ್ನುವಷ್ಟು ಬಡಾಯಿ ಅವರಲ್ಲಿ ಇದ್ದೇ ಇತ್ತು.

ಮೊದಲ ದಿನ ಕೋಳಿಯ ತೊಡೆಗಳನ್ನು ನಾನೇ ತಂದು ಸಿದ್ಧಮಾಡಿ ಇಟ್ಟಿದ್ದೆ. ಎಲ್ಲವೂ ಚರ್ಮ ಸುಲಿದು, ತೊಳೆದು, ಬೆಳ್ಳಗೆ. ನಮ್ಮಲ್ಲಿ ಚರ್ಮದ ಸಮೇತ ಕೋಳಿ ಬೇಯಿಸುವುದನ್ನು ನಾನು ಕಂಡೇ ಇರಲಿಲ್ಲ. ಅವರು ತಟ್ಟೆ ಎಳೆದುಕೊಂಡು ಒಂದು ತೊಡೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಎಂತ ಮಾರಾಯ್ತಿ, ಅಂಗಿ ಬಿಚ್ಚಿ ನಿಲ್ಲಿಸಿದ್ದೀರಲ್ಲ ಪಾಪ ಅದನ್ನು."

ಆ ನಾಚಿಕೆಯಲ್ಲಿ ಇರಬೇಕು, ನನ್ನ ಕೈ ತಾನಾಗಿಯೇ ಅರಿಶಿನದ ಡಬ್ಬಿಗೆ ಹೋಗಿ ಒಂದು ಚಿಟಿಕೆ ಉದುರಿಸಿಬಿಟ್ಟಿತು. ಅವರು ಕಟ್ಟೆ ಹಿಡಿದುಕೊಂಡು ನಕ್ಕರು. ಕೋಳಿಗೆ ಮದುವೆ ನಿಶ್ಚಯವಾಗಿದೆಯಾ, ಗಂಡು ಯಾವ ಊರಿನವನು ಎಂದು ವಿಚಾರಿಸಿದರು. ಅವತ್ತು ಅದು ಸಾರಾಯಿತು.

ಎರಡನೆಯ ಸಲ ಚರ್ಮವಿದ್ದ ತೊಡೆಗಳು ಬಂದವು. ಮೂಳೆ ಬಿಡಿಸಿ, ಉಪ್ಪು ಸವರಿ, ಎಣ್ಣೆಯೇ ಇಲ್ಲದ ತಣ್ಣಗಿನ ಬಾಣಲೆಯಲ್ಲಿ ಚರ್ಮ ಕೆಳಗೆ ಮಾಡಿ ಮಲಗಿಸಿದರು. ಮೇಲೊಂದು ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ನನ್ನ ಪುಟ್ಟ ಕುಕ್ಕರು, ಭಾರಕ್ಕೆ. ಆಮೇಲೆ ಒಲೆ ಹಚ್ಚಿದರು. ಮುಂದಿನದೇ ನನಗೆ ಕಷ್ಟವಾದದ್ದು: ಮುಟ್ಟಬಾರದು. ಕೆದಕಿ, ಮಗುಚಿ, ಮುಚ್ಚಳ ತೆಗೆದು ನೋಡಿ ಬೆಳೆದ ಕೈ ನನ್ನದು. ಸೌಟು ಎತ್ತಿದಾಗಲೆಲ್ಲ ಅವರು ಕಣ್ಣು ತೆರೆಯದೆಯೇ "ಉಹುಂ" ಎನ್ನುತ್ತಿದ್ದರು.

ಮಗುಚಿದಾಗ ನಾನು ನಿಜಕ್ಕೂ ಕೂಗಿದೆ. ಚರ್ಮ ಹಪ್ಪಳದ ಹಾಗೆ ಗರಿಗರಿಯಾಗಿ, ಜೇನು ಬಣ್ಣಕ್ಕೆ ತಿರುಗಿತ್ತು. ಇಳಿದ ಕೊಬ್ಬನ್ನು ಬಸಿದರು. ಸೋಯಾ ಸಾಸ್, ಅಕ್ಕಿಯಿಂದ ಮಾಡಿದ ಜಪಾನಿ ಮದ್ಯ, ಮಿರಿನ್ ಎಂಬ ಅದರ ಸಿಹಿ ತಂಗಿ, ಇವು ಸಮಸಮ. ಸಕ್ಕರೆ ಸ್ವಲ್ಪ. ಶುಂಠಿ ಬೆಳ್ಳುಳ್ಳಿಯನ್ನು ಹತ್ತಿರ ಸೇರಿಸಲಿಲ್ಲ. ಸುರಿದ ಕೂಡಲೇ ಚುಂಯ್ ಎಂದು ಹಬೆ ಎದ್ದಿತು. ಮೊದಲು ಮಳೆಯಂಥ ಸದ್ದು, ನಂತರ ಗುಳುಗುಳು, ಕಡೆಗೆ ಗುಳ್ಳೆಗಳು ದಪ್ಪವಾಗಿ, ಸೋಮಾರಿಗಳಂತೆ ಒಂದೊಂದೇ ಒಡೆಯತೊಡಗಿದವು. ಅವರು ಚಮಚದಿಂದ ಆ ಪಾಕವನ್ನೇ ಎತ್ತಿ ಎತ್ತಿ ಮೇಲೆ ಸುರಿಯುತ್ತಿದ್ದರು. ನೋಡನೋಡುತ್ತಿದ್ದಂತೆ ಕೋಳಿ ಹೊಳೆಯಿತು, ಈಗ ತಾನೆ ಮೆರುಗೆಣ್ಣೆ ಹಚ್ಚಿದ ಹಾಗೆ. ಆ ಹೊಳಪು ಬರುವುದಕ್ಕೂ ಸೀದು ಹೊಗೆಯಾಗುವುದಕ್ಕೂ ನಡುವೆ ಇರುವ ಸಮಯ ಒಂದು ಉಸಿರಿನಷ್ಟು. ಅಷ್ಟರೊಳಗೆ ಇಳಿಸಬೇಕು. ಇಳಿಸಿದರು. ನಾವು ನಿಂತೇ ತಿಂದೆವು, ಬೆರಳು ನೆಕ್ಕಿದೆವು.

ತಿಂದಾದ ಮೇಲೆ ಅವರು ಸಿಂಕಿನ ಕಡೆ ಮುಖ ಮಾಡಿಕೊಂಡು ಹೇಳಿದರು: "ಊಟ ಯಾರು ಬೇಕಾದ್ರೂ ಕೊಡ್ತಾರೆ. ನನಗೆ ನನ್ನ ಒಲೆ ವಾಪಸ್ ಬೇಕು."

ಅವರದೇ ಒಂದು ಯೋಜನೆ ಇತ್ತು. ಭಾನುವಾರ ಮಗಳನ್ನು ನಮ್ಮ ಮನೆಗೆ ಊಟಕ್ಕೆ ಕರೆಯುವುದು, ಅಲಾರ್ಮಿಗೆ ಟೋಪಿ ಹಾಕದೆ ಅವಳ ಎದುರೇ ಈ ಕೋಳಿ ಮಾಡುವುದು. ಅಲಾರ್ಮು ಬಡಿಯದಿದ್ದರೆ ಗುಂಡಿಗಳು ಮರಳಿ ಬರಬೇಕು. ಮಗಳು ಒಪ್ಪಿದಳು. ಬಡಿದರೆ ಇನ್ನು ಮೇಲೆ ಒಲೆಯ ಸುದ್ದಿ ಎತ್ತಬಾರದು ಎಂಬ ಷರತ್ತನ್ನೂ ಹಾಕಿದಳು. ಹಡಗಿನಿಂದ ರಜೆಗೆ ಬಂದಾಗಲೆಲ್ಲ ಅಪ್ಪ ಮಾಡಿಕೊಡುತ್ತಿದ್ದದ್ದು ಇದೊಂದೇ ಅಡುಗೆ, ಅದಕ್ಕಾಗಿ ತಾನು ದಿನ ಎಣಿಸುತ್ತಿದ್ದೆ ಎಂದು ನನಗೆ ಬೇರೆಯಾಗಿ ಹೇಳಿದಳು.

ಭಾನುವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಮಗಳು ಮೇಜಿನ ಬಳಿ, ಕೈಚೀಲ ಮಡಿಲಲ್ಲಿ. ನಾನು ಕಿಟಕಿಗಳನ್ನೆಲ್ಲ ತೆರೆದೆ. ನನಗಂತೂ ಕೋಳಿ ನೋಡುವುದೋ ಚಾವಣಿಯ ಅಲಾರ್ಮು ನೋಡುವುದೋ ತಿಳಿಯದು. ಚರ್ಮ ಗರಿಯಾಯಿತು. ಮಗುಚಿದರು. ಕೊಬ್ಬು ಬಸಿದು ಸಾಸ್ ಸುರಿದರು. ಹಬೆ ಎದ್ದು ಚಾವಣಿಗೆ ಹೋಯಿತು, ಅಲಾರ್ಮು ತೆಪ್ಪಗಿತ್ತು. ಅಷ್ಟರಲ್ಲಿ ಅವರು ಖಾಲಿ ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡಿದರು. ನಮ್ಮ ಕಡೆ ತಿರುಗಿದರು.

"ಸಾಸ್ ಹಾಕಿ ಆಯ್ತಾ?"

ಬಾಣಲೆಯಲ್ಲಿ ಅದು ಅವರ ಕಣ್ಣೆದುರೇ ಕುದಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಗಳು ಎದ್ದಿದ್ದಳು. ಒಲೆ ಆರಿಸುತ್ತಾಳೆ ಎಂದುಕೊಂಡೆ. ಅವಳು ಅಪ್ಪನ ಕೈಯಿಂದ ಬಟ್ಟಲು ತೆಗೆದುಕೊಂಡು ಕೆಳಗಿಟ್ಟಳು.

"ನೀವೇ ಕೇಳಿ ಪಪ್ಪಾ."

ಅವರು ಬಗ್ಗಿದರು. ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಎಂದು ಹೇಳಲಾರೆ. ನನಗೆ ಬಹಳ ಎನಿಸಿತು, ಬಹಳವಾಗಿದ್ದರೆ ಕೋಳಿ ಸೀದಿರುತ್ತಿತ್ತು.

"ಹಾಕಿದ್ದೇನೆ," ಎಂದರು. "ಈಗ ದಪ್ಪ ಆಗ್ತಾ ಉಂಟು." ಉರಿ ತಗ್ಗಿಸಿದರು, ಪಾಕ ಎತ್ತಿ ಸುರಿದರು, ಸರಿಯಾದ ಆ ಒಂದು ಉಸಿರಿಗೆ ಇಳಿಸಿದರು.

ಅಲಾರ್ಮು ಬಡಿಯಲಿಲ್ಲ. ಮಗಳು ತಿಂದು, ಚೀಲ ತೆರೆದು, ಒಂದು ಗುಂಡಿಯನ್ನು ತಟ್ಟೆಯ ಪಕ್ಕ ಇಟ್ಟಳು. ಒಂದೇ, ತಾನು ಮನೆಯಲ್ಲಿದ್ದಾಗ ಮಾತ್ರ, ತಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದಳು.

"ಎರಡು ಕೊಡು," ಎಂದರು ಅಂಕಲ್. "ಅನ್ನ ಎಲ್ಲಿ ಮಾಡುದು?"

"ಅನ್ನಕ್ಕೆ ರೈಸ್ ಕುಕ್ಕರ್ ಉಂಟು."

ಅವರು ಗುಂಡಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಮೆಟ್ಟಿಲಿಳಿಯುವಾಗ ಜೇಬು ಮುಟ್ಟಿ ಮುಟ್ಟಿ ನೋಡುತ್ತಿದ್ದರು ಎಂದು ನನ್ನ ನೆನಪು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಆಮೇಲಿನ ಭಾನುವಾರಗಳಲ್ಲಿ ಸೋಯಾ ಮತ್ತು ಸಕ್ಕರೆಯ ಆ ಘಮ ಕೆಳಗಿನಿಂದ ಮೇಲಕ್ಕೆ ಬರುತ್ತಿತ್ತು. ಅಪ್ಪ ಮಗಳು ಕೊಂಕಣಿಯಲ್ಲಿ ಜಗಳವಾಡುವುದು ಕೇಳಿಸುತ್ತಿತ್ತು. ಅವರು ಬಂದರುಗಳನ್ನು ಮರೆತರು, ಹಡಗನ್ನು ಮರೆತರು, ನಾನು ಯಾರ ಮನೆಯವಳು ಎಂದು ಕೇಳತೊಡಗಿದರು. ಬಾಣಲೆಯ ಮುಂದೆ ನಿಂತಾಗ ಮಾತ್ರ ಅದರ ಸದ್ದನ್ನು ಬಿಟ್ಟು ಯಾರ ಮಾತನ್ನೂ ಕೇಳುತ್ತಿರಲಿಲ್ಲವಂತೆ. ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರು.

ಚರ್ಚಿನ ಕಾರ್ಯಗಳೆಲ್ಲ ಮುಗಿದು, ಬಂದ ನೆಂಟರು ಹೊರಟುಹೋದ ಮೇಲಿನ ಒಂದು ಭಾನುವಾರ ಮಗಳ ಫೋನ್ ಬಂತು. ಕೋಳಿ ತಂದಿದ್ದೇನೆ, ಬಾಣಲೆಗೆ ಇಟ್ಟಿದ್ದೇನೆ, ಸ್ವಲ್ಪ ಕೆಳಗೆ ಬರ್ತೀರಾ ಎಂದಳು. ಹೇಳಿಕೊಡಬೇಕಾ ಎಂದು ಕೇಳಿದೆ.

"ಬೇಡ. ಎಂತ ಸಹ ಹೇಳ್ಬೇಡಿ. ಪಕ್ಕದಲ್ಲಿ ನಿಂತ್ರೆ ಸಾಕು."

ನಾನು ಚಪ್ಪಲಿಯನ್ನೂ ಮೆಟ್ಟದೆ ಇಳಿದು ಹೋದೆ.