ಓರೆಯಾಗಿ ನೋಡುವ ಅಕ್ಕ

ನಮ್ಮ ಕಾರ್ಖಾನೆಯಲ್ಲಿ ಎಲ್‌ಇಡಿ ಪರೀಕ್ಷಿಸುವ ಅಕ್ಕ ಯಾವುದನ್ನೂ ಎದುರಿನಿಂದ ನೋಡಿ ನಂಬಿದವಳಲ್ಲ. ಇಪ್ಪತ್ತು ವರ್ಷದಿಂದ ಪಕ್ಕದ ಮೇಜಿನಲ್ಲಿರುವ ನನ್ನನ್ನೂ ನಂಬಿಲ್ಲ; ಊಟಕ್ಕೆ ಏಳುವಾಗ ಡ್ರಾಯರಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡುತ್ತಾಳೆ.

ಒಂದು ದಿನ ಎಂಜಿನಿಯರ್ ಹೊಸ ಕೆಂಪು ಎಲ್‌ಇಡಿ ತಂದರು. ಬೆಳಕು ಹುಟ್ಟುವ ಪದರದ ಮೇಲೊಂದು, ಕೆಳಗೊಂದು ಕನ್ನಡಿ; ಮೇಲಿನದು ತುಸು ಬೆಳಕನ್ನು ಹೊರಬಿಡುವಂಥದ್ದು. ನಡುವಿನ ಅಂತರ ಕೂದಲಿನ ದಪ್ಪದ ನೂರರಲ್ಲೊಂದು ಪಾಲೂ ಇಲ್ಲ. ಎದುರಿಗೆ ಮೀಟರ್ ಹಿಡಿದರೆ ಹಳೆಯದರ ಎರಡರಷ್ಟು ಬೆಳಕು.

"ಅದೇ ಕರೆಂಟಿಗೆ ಎರಡರಷ್ಟಾ? ನನ್ನ ಕಿವಿ ಮೇಲೆ ಹೂವಿಡ್ಬೇಡಿ," ಎಂದು ಅಕ್ಕ ಅದನ್ನು ಓರೆಯಾಗಿ ತಿರುಗಿಸಿದಳು. ಬೆಳಕು ಮಂಕಾಗಿ, ಕೆಂಪು ಕಿತ್ತಳೆಯತ್ತ ವಾಲಿತು. "ಕಂಡ್ರಾ?"

"ಮೋಸ ಅಲ್ಲ ಅಕ್ಕಾ," ಎಂದರು ಎಂಜಿನಿಯರ್. "ಮಾಮೂಲಿ ಎಲ್‌ಇಡಿಲಿ ತುಂಬಾ ಬೆಳಕು ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ. ಇದ್ರಲ್ಲಿ ಕನ್ನಡಿಗಳ ಅಂತರಕ್ಕೆ ಹೊಂದೋ ಬೆಳಕು ನೇರವಾಗಿ ಹೊರಗೆ ಬರುತ್ತೆ. ಫೈಬರ್ ಕೇಬಲ್ ಒಳಗೆ ಬೆಳಕು ಕಳಿಸೋಕೆ ಮಾಡಿದ್ದು. ಪಕ್ಕದಿಂದ ಯಾರು ನೋಡ್ತಾರೆ?"

"ನಾನು."

ಎಲ್ಲ ದಿಕ್ಕಿನ ಬೆಳಕನ್ನೂ ಕೂಡಿಸಿ ಅಳೆಯುವ ಬಿಳಿ ಗೋಳದೊಳಗೆ ಅದನ್ನಿಟ್ಟಳು. ಒಟ್ಟು ಬೆಳಕೂ ತುಸು ಹೆಚ್ಚೇ ಇತ್ತು. ಆಗ ಗೋಳದ ಮೇಲೇ ಅನುಮಾನ ಬಂದು, ಅಳತೆ ಗೊತ್ತಿದ್ದ ಹಳೆಯ ದೀಪವಿಟ್ಟು ನೋಡಿದಳು. ಗೋಳವೂ ಸರಿಯಾಗಿತ್ತು. ಮುಖ ಗಂಟು ಹಾಕಿಕೊಂಡೇ ಸಹಿ ಮಾಡಿದಳು.

ಸಂಜೆ ಅವಳನ್ನು ಮನೆಯವರೆಗೆ ಬಿಟ್ಟೆ. ಬಾಗಿಲು ತೆರೆದ ಗಂಡ, "ಇವತ್ತು ನಾನೇ ಅಡುಗೆ ಮಾಡಿಟ್ಟಿದೀನಿ," ಎಂದು ನಕ್ಕ. ಅಕ್ಕ ಹೊಸಿಲ ಹೊರಗೇ ನಿಂತು ಅವನ ಮುಖವನ್ನೇ ದಿಟ್ಟಿಸಿದಳು.

ಮೂವತ್ತು ವರ್ಷ ಅವಳ ಜೊತೆ ಬಾಳಿದ ಮನುಷ್ಯ, ಯಾರೂ ಹೇಳದೆಯೇ, ಪಕ್ಕಕ್ಕೆ ತಿರುಗಿ ನಿಂತ.